ಭತ್ತದ ಕ್ಯಾಲಸ್ ಕೈಕೊಟ್ಟಾಗ: ತಳಿ ಮೊದಲು, 2,4-ಡಿ ಆಮೇಲೆ

ಬಾಳೆಯ ಟಿಶ್ಯೂ (ಅಂಗಾಂಶ) ಕಲ್ಚರ್‌ನಲ್ಲಿ ಪಳಗಿದ ಕೈ ಭತ್ತಕ್ಕೆ ಬಂದಾಗ ಸಾಮಾನ್ಯವಾಗಿ ಮೊದಲ ಬ್ಯಾಚಿನಲ್ಲೇ ಎಡವುತ್ತದೆ. ಬಾಳೆಯ ಸುಳಿಗೆ ಚಿಗುರೊಡೆಸುವ ಹಾರ್ಮೋನ್ ಬಿಎಪಿ ಏರಿಸಿದರೆ ಚಿಗುರು ಒತ್ತೊತ್ತಾಗಿ ಬರುತ್ತದೆ. ಭತ್ತ, ಗೋಧಿ, ಮುಸುಕಿನ ಜೋಳದಲ್ಲಿ ಬಲಿತ ಎಲೆಯ ತುಂಡಿಟ್ಟು ಎಷ್ಟೇ ಹಾರ್ಮೋನ್ ಸುರಿದರೂ ಅದು ಕಂದಿ ಒಣಗುವುದೇ ಹೆಚ್ಚು. ಇಲ್ಲಿ ಸ್ಪಂದಿಸುವುದು ಭ್ರೂಣ, ಅದರಲ್ಲೂ ಸ್ಕುಟೆಲ್ಲಮ್, ಅಂದರೆ ಭ್ರೂಣಕ್ಕೂ ಕಾಳಿನ ಹಿಟ್ಟಿಗೂ ನಡುವೆ ಇರುವ ಗುರಾಣಿಯಂಥ ಪದರ. ಗೋಧಿಗಾದರೆ ಹೂವಾಗಿ ಸುಮಾರು ಎರಡು ವಾರಕ್ಕೆ ಕಾಳು ಬಿಡಿಸಿ, 1ರಿಂದ 1.5 ಮಿ.ಮೀ. ಭ್ರೂಣ ತೆಗೆದು, ಸ್ಕುಟೆಲ್ಲಮ್ ಮೇಲೆ ಬರುವಂತೆ ಇಡಬೇಕು. ಮಗುಚಿಟ್ಟರೆ ಕ್ಯಾಲಸ್ (ಆಕಾರವಿಲ್ಲದ ಕೋಶಗಳ ಮುದ್ದೆ, ಗಿಡ ಏಳುವುದು ಇದರಿಂದ) ಬದಲು ಮೊಳಕೆ ಬರುತ್ತದೆ.

ಭತ್ತಕ್ಕೆ ಬಲಿತ ಬೀಜವೇ ಸಾಕು. ಸಿಪ್ಪೆ ಸುಲಿದ ಅಕ್ಕಿಯನ್ನು 70% ಆಲ್ಕೋಹಾಲಿನಲ್ಲಿ ಒಂದು ನಿಮಿಷ, ಎರಡು ಹನಿ ಟ್ವೀನ್-20 (ಸೋಪಿನಂಥ ದ್ರವ) ಬೆರೆಸಿದ ಸೋಡಿಯಂ ಹೈಪೊಕ್ಲೋರೈಟಿನಲ್ಲಿ ಇಪ್ಪತ್ತು ನಿಮಿಷ, ನಂತರ ಸ್ಟೆರೈಲ್ ನೀರಿನಲ್ಲಿ ಐದು ಸಲ ತೊಳೆಯುವುದು. ಸಕಲೇಶಪುರದ ಕಡೆ ಮಳೆಗೆ ಸಿಕ್ಕ ಭತ್ತವಾದರೆ ಬೂಷ್ಟು ಸಿಪ್ಪೆಯೊಳಗೇ ಕೂತಿರುತ್ತದೆ. ಸುಲಿದ ಮೇಲೆ ಕಪ್ಪು ಚುಕ್ಕೆ ಇರುವ ಕಾಳುಗಳನ್ನು ಆರಿಸಿ ಎಸೆಯಿರಿ, ಹೈಪೊಕ್ಲೋರೈಟ್ ಹೆಚ್ಚಿಸಿದರೆ ಭ್ರೂಣವೇ ಸಾಯುತ್ತದೆ.

ಮಾಧ್ಯಮ ಎಂಎಸ್ ಅಥವಾ ಎನ್6 (ಎರಡೂ ಸಿದ್ಧ ಲವಣ ಮಿಶ್ರಣಗಳು), ಸಕ್ಕರೆ ಲೀಟರಿಗೆ 30 ಗ್ರಾಂ, ಅಗರ್ 8 ಗ್ರಾಂ, ಕ್ಯಾಲಸ್ ಎಬ್ಬಿಸುವ ಆಕ್ಸಿನ್ ಬಗೆಯ ಹಾರ್ಮೋನ್ 2,4-ಡಿ 2 ಮಿ.ಗ್ರಾಂ. ಸ್ಟಾಕ್ (ಗಟ್ಟಿ ದ್ರಾವಣ) ಹೀಗೆ: 100 ಮಿ.ಗ್ರಾಂ 2,4-ಡಿಯನ್ನು ಮೊದಲು ಎರಡು-ಮೂರು ಮಿ.ಲೀ. ಆಲ್ಕೋಹಾಲಿನಲ್ಲಿ ಪೂರ್ತಿ ಕರಗಿಸಿ, ಆಮೇಲೆ ನೀರು ಹಾಕುತ್ತ 100 ಮಿ.ಲೀ. ಮಾಡಿ. ಲೀಟರ್ ಮಾಧ್ಯಮಕ್ಕೆ ಇದರ 2 ಮಿ.ಲೀ. ಸಾಕು. ಪುಡಿಯನ್ನೇ ನೇರ ನೀರಿಗೆ ಹಾಕಿದರೆ ಹರಳು ತಳದಲ್ಲೇ ಉಳಿದು ಒಂದು ಬಾಟಲಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಗದ್ದೆಗೆ ಹೊಡೆಯುವ ಕಳೆನಾಶಕದಲ್ಲಿರುವುದೂ ಇದೇ 2,4-ಡಿ. ಹಾಗಂತ ಅಂಗಡಿಯ ಪೊಟ್ಟಣ ತಂದು ಸ್ಟಾಕ್ ಮಾಡಬೇಡಿ. ಎಲ್ಲ ಬೆರೆಸಿದ ಮೇಲೆ ಪಿಎಚ್ 5.8ಕ್ಕೆ ತನ್ನಿ, 121 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವುದು). ಕತ್ತಲೆಯಲ್ಲಿ 25–27 ಡಿಗ್ರಿ, ಮೂರ್ನಾಲ್ಕು ವಾರ.

ಈಗ ತಟ್ಟೆ ತೆರೆಯುವ ಮೊದಲು ಅಡಿಯಿಂದ ನೋಡಿ. ರವೆಯಂಥ ಗಂಟುಗಂಟಾದ, ಕೆನೆಬಣ್ಣದ, ಮುಟ್ಟಿದರೆ ಒಣಗಿದಂತಿರುವ ಕ್ಯಾಲಸ್ ಗಿಡವಾಗುತ್ತದೆ. ನೀರು ತುಂಬಿದ, ಪಾರದರ್ಶಕ, ಫೋರ್ಸೆಪ್ಸ್‌ಗೆ ಅಂಟುವಂಥದ್ದು ಬೆಳೆಯುವುದೇನೋ ಜೋರಾಗಿ, ಗಿಡ ಕೊಡುವುದು ಅಪರೂಪ. ಎಷ್ಟು ಕ್ಯಾಲಸ್ ಬಂತೆಂಬ ಲೆಕ್ಕಕ್ಕಿಂತ ಯಾವ ಬಗೆಯದು ಎಂಬುದನ್ನು ಬರೆದಿಡಿ.

ತಳಿಯ ಆಟ ಇಲ್ಲೇ ಕಾಣುವುದು. ಭತ್ತದ ಎರಡು ಮುಖ್ಯ ಗುಂಪುಗಳಲ್ಲಿ ಒಂದಾದ ಜಪಾನಿಕಾದ ನಿಪ್ಪಾನ್‌ಬಾರೆ, ತೈಪೆ 309 ಸುಲಭಕ್ಕೆ ಒಲಿಯುತ್ತವೆ. ಇನ್ನೊಂದು ಗುಂಪಾದ ನಮ್ಮ ಇಂಡಿಕಾಗಳು ಬಹುಪಾಲು ಮೊಂಡು. ಗೋಧಿಯಲ್ಲಿ ಬಾಬ್‌ವೈಟ್, ಬಾರ್ಲಿಯಲ್ಲಿ ಗೋಲ್ಡನ್ ಪ್ರಾಮಿಸ್, ಮುಸುಕಿನ ಜೋಳದಲ್ಲಿ ಎ188 ಪ್ರಯೋಗಾಲಯಗಳ ಮುದ್ದಿನವಾಗಿರುವುದೂ ಇದಕ್ಕೇ. ಆದರೆ ಜಪಾನಿಕಾ ಎಂದ ಮಾತ್ರಕ್ಕೆ ಗೆದ್ದಂತಲ್ಲ: ಕೊಶಿಹಿಕಾರಿ ಗಿಡ ಕೊಡಲು ಸತಾಯಿಸುತ್ತದೆ. 2005ರಲ್ಲಿ ಕಾರಣ ಗೊತ್ತಾಯಿತು. ನೈಟ್ರೈಟನ್ನು ಅಮೋನಿಯಾ ಮಾಡುವ ಕಿಣ್ವ, ನೈಟ್ರೈಟ್ ರಿಡಕ್ಟೇಸ್, ಅದರಲ್ಲಿ ದುರ್ಬಲ. ಇಂಡಿಕಾ ತಳಿ ಕಸಲಾತ್‌ನ ಜೀನ್ ಸೇರಿದಾಗ ಗಿಡ ಬಂತು. ಕೊರತೆಯಿದ್ದದ್ದು ಸಾರಜನಕದ ಬಳಕೆಯಲ್ಲಿ, ಅಲ್ಲಿ ಆಕ್ಸಿನ್ ಏರಿಸಿ ಏನು ಪ್ರಯೋಜನ?

ಹಾಗಾಗಿ ರಾಜಮುಡಿಯಂಥ ನಾಟಿ ತಳಿಗೆ ನಿಪ್ಪಾನ್‌ಬಾರೆಯ ಅಳತೆಯನ್ನು ಯಥಾವತ್ ಇಳಿಸದೆ, 2,4-ಡಿ 1, 2, 2.5, 3 ಮಿ.ಗ್ರಾಂ ಮೆಟ್ಟಿಲು ಹಾಕಿ, ಅದನ್ನೇ ಎಂಎಸ್ ಮತ್ತು ಎನ್6 ಎರಡರಲ್ಲೂ ಇಡಿ. ಎನ್6ರಲ್ಲಿ ಅಮೋನಿಯಂ ಎಂಎಸ್‌ನ ಮೂರನೇ ಒಂದರಷ್ಟೇ. ಪಕ್ಕದಲ್ಲಿ ಸುಲಭ ತಳಿಯ ಎರಡು ತಟ್ಟೆ ಇರಲಿ. ಅದೂ ಕೈಕೊಟ್ಟರೆ ದೋಷ ಸ್ಟಾಕಿನದೋ ಆಟೋಕ್ಲೇವಿನದೋ, ತಳಿಯನ್ನು ಬೈಯಬೇಡಿ.

ಗಿಡ ಎಬ್ಬಿಸಲು 2,4-ಡಿ ಪೂರ್ತಿ ತೆಗೆಯಲೇಬೇಕು. ಬಿಎಪಿ 2, ಎನ್‌ಎಎ (ಇನ್ನೊಂದು ಆಕ್ಸಿನ್) 0.5 ಮಿ.ಗ್ರಾಂ, ಬೆಳಕು. ಎನ್‌ಎಎ ಬದಲು ಐಎಎ ಎಂಬ ಆಕ್ಸಿನ್ ಹಾಕುವವರು ಅದನ್ನು ಆಟೋಕ್ಲೇವ್ ಮಾಡದೆ ಫಿಲ್ಟರ್ ಮಾಡಿ, ಬಿಸಿಗೂ ಬೆಳಕಿಗೂ ಅದು ಒಡೆಯುತ್ತದೆ. ಇಂಡಿಕಾಗೆ ಒಂದು ಉಪಾಯ: ಕ್ಯಾಲಸನ್ನು ಒಣ ಸ್ಟೆರೈಲ್ ಫಿಲ್ಟರ್ ಪೇಪರ್ ಮೇಲೆ ಮುಚ್ಚಿದ ತಟ್ಟೆಯಲ್ಲಿ ಒಂದೆರಡು ದಿನ ಬಾಡಿಸಿ ಆಮೇಲೆ ಗಿಡ ಎಬ್ಬಿಸುವ ಈ ಮಾಧ್ಯಮಕ್ಕೆ ದಾಟಿಸಿ. ಹಸಿರು ಚುಕ್ಕೆ ಚೆನ್ನಾಗಿ ಏಳುತ್ತವೆ. ಬೇರಿಗೆ ಹಾರ್ಮೋನ್ ಇಲ್ಲದ ಅರ್ಧ ಎಂಎಸ್ ಸಾಕು.

ಕ್ಯಾಲಸನ್ನು ತಿಂಗಳುಗಟ್ಟಲೆ ಹೊಸ ಮಾಧ್ಯಮಕ್ಕೆ ದಾಟಿಸುತ್ತ ಕೂತರೆ ಗಿಡ ಕೊಡುವ ಶಕ್ತಿ ಕುಗ್ಗುತ್ತದೆ, ಬಿಳಿ ಚಿಗುರು ಹೆಚ್ಚುತ್ತದೆ. ಹಾಲಿನಂತೆ ಬಿಳಿಯಾಗಿ ಬಂದದ್ದು ಯಾವ ಹಾರ್ಮೋನಿಗೂ ಹಸಿರಾಗದು. ಎಸೆದು ಹೊಸ ಬೀಜ ಸುಲಿಯಿರಿ.