ಮಾವನ ಎಕ್ಸ್‌ರೇ, ಮಾವನ ಬೀಡಿ

ಕೋಲಾರ, 12 ಜುಲೈ 2024, ಶುಕ್ರವಾರ

ಇವತ್ತು ಮಾವನ ಎಕ್ಸ್‌ರೇ ಆಯಿತು. ತೊಡೆಮೂಳೆಯ ಹೊರಮಗ್ಗುಲಿಗೆ, ಮಂಡಿಯವರೆಗೂ ಇಳಿದ ಪ್ಲೇಟು ಬೆಳ್ಳಗೆ ಹೊಳೀತಿದೆ. ಕೆಳತುದೀಲಿ ಸ್ಕ್ರೂಗಳ ಗುಂಪು. ಏಪ್ರಿಲ್‌ನಲ್ಲಿ ಎಪಿಎಂಸಿಯಿಂದ ಬರ್ತಾ ಬೈಕಿಂದ ಬಿದ್ದಿದ್ದು. ಆವತ್ತೇ ಮುರಿದ ಮೂಳೆ ಕಟ್ಟುವ ನಾಟಿ ವೈದ್ಯರ ಪುತ್ತೂರು ಕಟ್ಟಿಗೆ ಕರ್ಕೊಂಡು ಹೋಗೋಣ ಅಂತ ಅರ್ಧ ಊರು ನಿಂತಿತ್ತು. ತೊಡೆಮೂಳೆ ಮುರಿದರೆ ಒಳಗೇ ಲೀಟರಿನಷ್ಟು ರಕ್ತ ಸೋರಬಹುದು, ಮೊದಲು ಆಸ್ಪತ್ರೆ ಎಂದು ಅತ್ತೆ ಹಟ ಹಿಡಿದದ್ದು ಒಳ್ಳೇದಾಯಿತು.

ಪಕ್ಕದ ಮನೆಯವರದು ಒಂದೇ ಪ್ರಶ್ನೆ: ನಮ್ಮ ಹುಡುಗನಿಗೂ ತೊಡೆಯೇ ಮುರಿದಿತ್ತು, ಅವನು ಬೇಗ ಎದ್ದು ಓಡಾಡಿದ, ನಿಮ್ಮವರು ಇನ್ನೂ ವಾಕರ್ ಹಿಡಿದಿದಾರಲ್ಲ? ಆ ಹುಡುಗನದು ತೊಡೆಯ ನಡುಮಧ್ಯೆ ಮುರಿದದ್ದು. ಅಂಥದಕ್ಕೆ ಮೂಳೆಯ ಟೊಳ್ಳಿನೊಳಗೇ ರಾಡ್ ಇಳಿಸುತ್ತಾರೆ, ಭಾರ ಅದರ ಮೇಲೆ ನೇರವಾಗಿ ಬೀಳುತ್ತೆ. ಮಾವನದು ಮಂಡಿಗೆ ಅಂಟಿಕೊಂಡಂತೆ, ಅದೂ ಚೂರುಚೂರು. ಅದಕ್ಕೇ ಪಕ್ಕದಿಂದ ಲಾಕಿಂಗ್ ಪ್ಲೇಟು. ಸ್ಕ್ರೂವಿನ ತಲೆ ಪ್ಲೇಟಿನ ತೂತಿನಲ್ಲೇ ತಿರುಪಿನಂತೆ ಕಚ್ಚಿ ಬಿಗಿಯಾಗುತ್ತೆ, ಮೂಳೆ ಸ್ವಲ್ಪ ಮೆತ್ತಗಿದ್ದರೂ ಸಡಿಲವಾಗೋದು ಕಡಿಮೆ.

ಚೂರುಗಳನ್ನೆಲ್ಲ ಹೆಕ್ಕಿ ಜೋಡಿಸಿಲ್ಲ. ಜೋಡಿಸಹೋದರೆ ಅವಕ್ಕೆ ಬರುವ ರಕ್ತನಾಳಗಳೂ ಕಿತ್ತುಬರುತ್ತವೆ. ಮೇಲೂ ಕೆಳಗೂ ಭದ್ರವಾಗಿ ಹಿಡಿದು, ಉದ್ದ, ನೇರ ಸರಿ ಮಾಡಿ, ನಡುವಿನ ಕೆಲಸ ದೇಹಕ್ಕೇ ಬಿಟ್ಟಿದ್ದಾರೆ. ಮೊದಲು ರಕ್ತ ಹೆಪ್ಪುಗಟ್ಟಿ, ಆಮೇಲೆ ಮೆತ್ತನೆ ಮೃದ್ವಸ್ಥಿ ಬೆಳೆದು, ಅದಕ್ಕೆ ಸುಣ್ಣದಂಶ ಕೂತು ಗಟ್ಟಿ ಮೂಳೆಯಾಗಬೇಕು. ಇವತ್ತಿನ ಫಿಲಂನಲ್ಲಿ ಪ್ಲೇಟಿನ ಎದುರು ಮಗ್ಗುಲಿಗೆ ಬಿಳಿ ಮಸುಕು ಕಾಣಿಸಿತು. ಅದೇ ಹೊಸ ಮೂಳೆ. ಆದರೆ ಡಾಕ್ಟರಿಗೆ ಅದು ಸಾಲದು, ಇನ್ನೂ ಪೂರ್ತಿ ಭಾರ ಬೇಡ ಎಂದರು.

ಮಾವನಿಗೆ ಸಿಟ್ಟು. "ಕಬ್ಬಿಣ ಹಾಕವ್ರೆ, ಇನ್ನೇನು ಭಯ?"

ಭಯ ಇರೋದೇ ಕಬ್ಬಿಣಕ್ಕೆ. ತಂತಿಯನ್ನು ಅತ್ತ ಇತ್ತ ಬಗ್ಗಿಸ್ತಾನೇ ಇದ್ದರೆ ಒಂದು ದಿನ ತುಂಡಾಗುತ್ತಲ್ಲ, ಪ್ಲೇಟಿನ ಕಥೆಯೂ ಅಷ್ಟೇ. ಹೆಜ್ಜೆ ಹೆಜ್ಜೆಗೂ ಕಾಣದಷ್ಟು ಬಾಗುತ್ತೆ. ಅದು ಸೋಲುವ ಮೊದಲು ಮೂಳೆ ಕೂಡಿಕೊಳ್ಳಬೇಕು. ಆ ಕೂಡುವಿಕೆಗೆ ಅಡ್ಡ ನಿಂತಿರುವುದು ಮಾವನ ಬೀಡಿ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತೆ, ಹೊಗೆ ಸೇದುವವರ ಮೂಳೆ ನಿಧಾನಕ್ಕೆ ಕೂಡುತ್ತೆ, ಕೆಲವರಿಗೆ ಕೂಡೋದೇ ಇಲ್ಲ. ಡಾಕ್ಟರು ಇದನ್ನು ಹೇಳುವಾಗ ಮಾವ ಕಿಟಕಿ ನೋಡ್ತಾ ಕೂತಿದ್ದರು. ಸಕ್ಕರೆ ಕಾಯಿಲೆ ಇಲ್ಲ, ಪುಣ್ಯ.

ಅತ್ತೆ ಕಾಲ್ ಸೂಪ್ ಬಿಟ್ಟಿಲ್ಲ. ಕುಡೀಲಿ, ರುಚಿಯಾಗಿದೆ. ಕ್ಯಾಲ್ಸಿಯಂ ಬೇಕೆಂದರೆ ಮನೆಯ ರಾಗಿ ಮುದ್ದೆಯೇ ಮೇಲು: 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚಿದೆ.

ಆಟೋದಲ್ಲಿ ಬರುವಾಗ ಮಾವ ಕೇಳಿದರು, "ಇದನ್ನ ಯಾವಾಗ ತೆಗೀತಾರೆ?" ತೊಂದರೆ ಕೊಡದಿದ್ದರೆ ತೆಗೆಯಲೇಬೇಕೆಂದಿಲ್ಲ ಎಂದೆ. ತೆಗೆದರೂ ಸ್ಕ್ರೂ ಇದ್ದ ತೂತುಗಳು ತುಂಬುವ ತನಕ ಮೂಳೆ ದುರ್ಬಲ. "ಅಂದ್ರೆ ನನ್ ಜೊತೇಲೇ ಸುಡುಗಾಡಿಗೂ ಬರ್ತದೆ ಅನ್ನು" ಎಂದು ನಕ್ಕರು. ಜೇಬಿಗೆ ಕೈ ಹೋಯಿತು. ಬೀಡಿ ಕಟ್ಟು ಅತ್ತೆಯ ಬ್ಯಾಗಿನಲ್ಲಿತ್ತು.

ಮಂಡಿ ಇನ್ನೂ 90 ಡಿಗ್ರಿ ಮಡಚುತ್ತಿಲ್ಲ. ನಾಳೆಯಿಂದ ಬೆಳಗಿನ ವ್ಯಾಯಾಮಕ್ಕೆ ನಾನೇ ಕೂರಿಸಬೇಕು, ಅತ್ತೆ ಕೂರಿಸಿದರೆ ಬರೀ ಜಗಳ.