ಎಲ್ಲಾ ಗೊತ್ತಿದ್ದೂ ಯಾಕ್ರೀ ನೋಡ್ತೀರಾ?

ಈ ಪ್ರಶ್ನೆಯನ್ನು ನನಗೆ ಕೇಳದವರಿಲ್ಲ. ಆಫೀಸಿನಲ್ಲಿ ಕಾಫಿ ಹೊತ್ತಿಗೆ ಕೇಳಿದ್ದಾರೆ, ಕಟಿಂಗ್ ಶಾಪಿನಲ್ಲಿ ಕತ್ತಿನ ಮೇಲೆ ಕತ್ತಿ ಇಟ್ಟುಕೊಂಡೇ ಕೇಳಿದ್ದಾರೆ. ಈಚೆಗೆ ಕೇಳಿದವರು ನನ್ನ ಷಡ್ಡಕ, ಅದೂ ಗೃಹಪ್ರವೇಶದ ಪಂಕ್ತಿಯಲ್ಲಿ, ಎರಡನೇ ಸಲ ಹೋಳಿಗೆ ಬರುವಾಗ. "ಎಲ್ಲಾ ದುಡ್ಡು, ಎಲ್ಲಾ ಫಿಕ್ಸಿಂಗು, ಮೇಲಿಂದ ಕೆಳಗಿನವರೆಗೂ ರಾಜಕೀಯ. ಇದೆಲ್ಲಾ ನಮಗಿಂತ ನಿಮಗೇ ಚೆನ್ನಾಗಿ ಗೊತ್ತು. ಆದ್ರೂ 53 ವರ್ಷಕ್ಕೆ ಕ್ರಿಕೆಟ್ ಹಾಕ್ಕೊಂಡು ಟಿವಿ ಮುಂದೆ ಕೂತ್ಕೋತೀರಲ್ಲ, ಯಾಕ್ರೀ?"

ಎಲೆ ಮುಂದೆ ಕೂತು ವಾದ ಮಾಡಬಾರದು ಅಂತ ನಮ್ಮಮ್ಮ ಹೇಳುತ್ತಿದ್ದಳು. "ತುಪ್ಪ ಹಾಕಿಸ್ಕೊಳ್ಳಿ" ಎಂದು ಜಾರಿಕೊಂಡೆ. ಇಲ್ಲಿ ಎಲೆ ಇಲ್ಲವಾದ್ದರಿಂದ ಹೇಳುತ್ತೇನೆ.

ಮೊದಲು ಫಿಕ್ಸಿಂಗ್ ವಿಷಯ. ಅಲ್ಲಿ ಷಡ್ಡಕನ ಮಾತು ಸರಿ. 2000ನೇ ಇಸವಿಯ ಏಪ್ರಿಲ್‌ನಲ್ಲಿ ದೆಹಲಿ ಪೊಲೀಸರು ದಕ್ಷಿಣ ಆಫ್ರಿಕಾದ ಕ್ಯಾಪ್ಟನ್ ಹ್ಯಾನ್ಸಿ ಕ್ರೊನಿಯೆ ಬಾಜಿ ದಂಧೆಯ ಬುಕ್ಕಿಯ ಜೊತೆ ಫೋನಿನಲ್ಲಿ ಆಡಿದ ಮಾತು ಬಯಲಿಗಿಟ್ಟಾಗ ನಾನು ನಂಬಲಿಲ್ಲ. ಆತನೇ ದುಡ್ಡು ತೆಗೆದುಕೊಂಡೆ ಎಂದ ಮೇಲೆ ನಂಬದೆ ಗತಿಯಿರಲಿಲ್ಲ. ವರ್ಷದ ಕೊನೆಗೆ ನಮ್ಮ ಕ್ರಿಕೆಟ್ ಮಂಡಳಿ ಮಾಜಿ ಕ್ಯಾಪ್ಟನ್ ಅಜರುದ್ದೀನ್‌ಗೆ ಆಜೀವ ನಿಷೇಧ ಹಾಕಿತು. (ಆ ನಿಷೇಧ ಕಾನೂನಿನ ಪ್ರಕಾರ ನಿಲ್ಲುವುದಿಲ್ಲ ಎಂದು 2012ರಲ್ಲಿ ಆಂಧ್ರ ಹೈಕೋರ್ಟ್ ಹೇಳಿತು. ಅಷ್ಟರಲ್ಲಿ ಅವರು ಎಂಪಿ ಆಗಿದ್ದರು.) ಹಾಸ್ಟೆಲ್ ದಿನಗಳಿಂದ ಜೋಪಾನ ಮಾಡಿದ್ದ ಕ್ರೀಡಾ ಪತ್ರಿಕೆಗಳ ಕಟ್ಟನ್ನು ಆ ತಿಂಗಳೇ ರದ್ದಿಗೆ ಹಾಕಿದೆ. ಹನ್ನೊಂದು ಕೆ.ಜಿ. ತೂಗಿತು. ಅಂಗಡಿಯವನು ಕಾಗದ ನುಣುಪಾಗಿದೆ, ಪೊಟ್ಟಣ ಕಟ್ಟೋಕೆ ಬರಲ್ಲ ಅಂತ ರೇಟು ಇಳಿಸಿದ.

ಕ್ರೊನಿಯೆ ಸುದ್ದಿ ಬಂದಾಗಿನಿಂದ ಸುಮಾರು ಒಂದು ವರ್ಷ ಸ್ಕೋರ್ ಕೂಡ ಕೇಳಲಿಲ್ಲ. 2001ರ ಮಾರ್ಚ್ ಮೊದಲ ವಾರ ಆಫೀಸಿನಲ್ಲಿ ಪ್ರಮೋಷನ್ ಪಟ್ಟಿ ಬಂತು. ನನ್ನ ಹೆಸರಿರಲಿಲ್ಲ. ನಾನೇ ಕೆಲಸ ಕಲಿಸಿದ್ದ ಹುಡುಗನದು ಇತ್ತು. ಒಳ್ಳೆಯ ಹುಡುಗನೇ, ಅದೇ ತೊಂದರೆ; ಬೈಯೋಣವೆಂದರೆ ನೆಪ ಸಿಗಲಿಲ್ಲ. 14ನೇ ತಾರೀಖು ಮೇಜಿನ ಮುಂದೆ ಕೂತು ಫೈಲಿನ ಒಂದೇ ಪುಟವನ್ನು ತಿರುವಿ ತಿರುವಿ ನೋಡುತ್ತಿದ್ದೆ. ಪಕ್ಕದವರ ಡ್ರಾಯರಿನೊಳಗೆ ಟ್ರಾನ್ಸಿಸ್ಟರ್ ಸಣ್ಣಗೆ ಮಾತಾಡುತ್ತಿತ್ತು. ಆಸ್ಟ್ರೇಲಿಯಾ ವಿರುದ್ಧದ ಕೋಲ್ಕತ್ತ ಟೆಸ್ಟ್. 274 ರನ್ ಹಿಂದೆ ಬಿದ್ದು, ಫಾಲೋಆನ್ ಆಗಿ ಕೂಡಲೇ ಮತ್ತೆ ಬ್ಯಾಟಿಂಗಿಗೆ ಇಳಿದಿದ್ದ ನಮ್ಮ ತಂಡ ಅವತ್ತು ಬೆಳಗ್ಗೆಯಿಂದ ಸಂಜೆಯವರೆಗೆ ಒಂದು ವಿಕೆಟ್ಟೂ ಕೊಡಲಿಲ್ಲ. ಎಲ್ಲರ ಬಾಯಲ್ಲೂ ಲಕ್ಷ್ಮಣ್. 281 ಅಂದರೆ ಸುಮ್ಮನೆಯೇ. ನನ್ನ ಕಿವಿ ಮಾತ್ರ ದ್ರಾವಿಡ್ ಕಡೆಗಿತ್ತು. ಬ್ಯಾಟಿಂಗ್ ಸರದಿಯಲ್ಲಿ ಮೂರನೇ ನಂಬರು ಅವರ ಕುರ್ಚಿ. ಆ ಇನಿಂಗ್ಸಿನಲ್ಲಿ ಅದನ್ನು ಲಕ್ಷ್ಮಣ್‌ಗೆ ಕೊಟ್ಟು ದ್ರಾವಿಡ್‌ರನ್ನು ಆರಕ್ಕೆ ಇಳಿಸಿದ್ದರು. ಇಳಿಸಿದ ಜಾಗದಲ್ಲೇ ಆಡಿ 180 ಹೊಡೆದರು, ಕುರ್ಚಿ ಕಿತ್ತುಕೊಂಡವನ ಜೊತೆಗೇ 376 ಸೇರಿಸಿದರು. ನೂರು ಆದಾಗ ಪತ್ರಕರ್ತರು ಕೂತಿದ್ದ ಕಡೆಗೆ ಬ್ಯಾಟ್ ಚಾಚಿ ತೋರಿಸಿದ್ದನ್ನು ರಾತ್ರಿ ಟಿವಿಯಲ್ಲಿ ನೋಡಿದೆ. ಅಷ್ಟು ಶಾಂತ ಮನುಷ್ಯನಿಗೂ ಅಷ್ಟು ಸಿಟ್ಟಿತ್ತಲ್ಲ ಎಂದು ನನಗೆ ಬಹಳ ಸಮಾಧಾನವಾಯಿತು. ಮರುದಿನ ಆ ಹುಡುಗನ ಕೈ ಕುಲುಕಿ ಬಂದೆ. ಫಿಕ್ಸಿಂಗ್ ಇಲ್ಲವೆಂದು ನಾನೇನೂ ತೀರ್ಮಾನಿಸಿರಲಿಲ್ಲ. ಆದರೆ ಆ ಒಂದು ದಿನವನ್ನು ಯಾವ ಬುಕ್ಕಿಯೂ ಬರೆದುಕೊಟ್ಟಿರಲಾರ.

ಇನ್ನು ರಾಜಕೀಯ. ಆಟದಲ್ಲಿ ರಾಜಕೀಯ ಬೆರೆಸಬಾರದು ಎನ್ನುವವರಿಗೆ ನಮ್ಮಪ್ಪನ ವಿಷಯ ಹೇಳಬೇಕು. 1973ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟಾಗ ಹಳೇ ಮೈಸೂರಿನ ಎಷ್ಟೋ ಜನಕ್ಕೆ ಅದು ರುಚಿಸಲಿಲ್ಲ. ಅಪ್ಪ ಆ ಪೈಕಿ. ಕಾಗದದ ಮೇಲೆ ವಿಳಾಸ ಬರೆಯುವಾಗ ಹಟ ಹಿಡಿದು 'ಮೈಸೂರು ರಾಜ್ಯ' ಎಂದೇ ಬರೆಯುತ್ತಿದ್ದರಂತೆ. ರಣಜಿ ತಂಡವೂ ಅಲ್ಲಿಯವರೆಗೆ ಮೈಸೂರು ಎನ್ನುವ ಹೆಸರಿನಲ್ಲೇ ಆಡಿದ್ದು, ಒಮ್ಮೆಯೂ ಕಪ್ ಗೆದ್ದಿರಲಿಲ್ಲ. ಹೆಸರು ಬದಲಾದ ಮೊದಲ ಋತುವಿನಲ್ಲೇ, 1974ರಲ್ಲಿ, ಬೆಂಗಳೂರಿನ ಸೆಮಿಫೈನಲ್‌ಗೆ ಬಾಂಬೆ ಬಂತು. ಸತತ ಹದಿನೈದು ವರ್ಷ ಕಪ್ ಎತ್ತಿದ್ದ ತಂಡ. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ ಇನ್ನೊಂದು ನೂರು. ಪ್ರಸನ್ನ ಎಸೆತಕ್ಕೆ ಗವಾಸ್ಕರ್ ಬೌಲ್ಡ್, ವಾಡೇಕರ್ ಕಾಲು ಜಾರಿ ರನೌಟ್. ಮೊದಲ ಇನಿಂಗ್ಸ್ ಲೀಡ್ ಸಿಕ್ಕಿತು, ಅದರ ಬಲದಲ್ಲೇ ಫೈನಲ್ ಸೇರಿದೆವು, ಆಮೇಲೆ ಜೈಪುರದಲ್ಲಿ ಕಪ್ಪೂ ಬಂತು. ಅಪ್ಪ ಎದುರುಮನೆಗೆ ಓಡಿಹೋಗಿ "ಕರ್ನಾಟಕ ಗೆದ್ತು ಕಣಯ್ಯಾ" ಅಂದರಂತೆ. ಆ ಹೆಸರು ಅವರ ಬಾಯಿಂದ ಬಂದದ್ದು ಅದೇ ಮೊದಲು ಅಂತ ಅಮ್ಮ ಕೊನೆಯವರೆಗೂ ಆಡಿಕೊಳ್ಳುತ್ತಿದ್ದಳು. ವಿಧಾನಸಭೆಯ ನಿರ್ಣಯ ಮಾಡಲಾರದ್ದನ್ನು ಜಿ.ಆರ್. ವಿಶ್ವನಾಥರ ಸ್ಕ್ವೇರ್ ಕಟ್ ಮಾಡಿತು. ಇದು ರಾಜಕೀಯವಲ್ಲದೆ ಇನ್ನೇನು?

ಹಾಗಾಗಿ ರಾಜಕೀಯ ಬಂತು ಎಂದ ಕೂಡಲೇ ನಾನು ಮೂಗು ಮುರಿಯುವುದಿಲ್ಲ. ಸಹಿಸಲಾಗದ್ದು ಅರೆಬರೆ ರಾಜಕೀಯ. 2025ರ ಏಷ್ಯಾ ಕಪ್ ನೋಡಿ. ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದಿದ್ದರು, ಅವರಲ್ಲಿ ನಮ್ಮ ರಾಜ್ಯದವರೂ ಇದ್ದರು. ಪಾಕಿಸ್ತಾನದ ಜೊತೆ ಆಡುವುದೇ ಬೇಡ ಎಂದಿದ್ದರೆ ನಾನು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಮೂರು ಸಲ ಆಡಿದೆವು, ಮೂರು ಸಲವೂ ಗೆದ್ದೆವು, ಒಂದು ಸಲವೂ ಕೈ ಕುಲುಕಲಿಲ್ಲ. ಕೊನೆಗೆ ಕಪ್ಪನ್ನೂ ಇಸಿದುಕೊಳ್ಳದೆ ಬರಿಗೈ ಎತ್ತಿ ಫೋಟೊ ತೆಗೆಸಿಕೊಂಡೆವು. ಮದುವೆಗೆ ಹೋಗಿ, ಪಂಕ್ತಿಯಲ್ಲಿ ಕೂತು, ಪಾಯಸದವರೆಗೂ ಉಂಡು, ತಾಂಬೂಲ ಮಾತ್ರ ಬೇಡ ಎನ್ನುವ ನೆಂಟರ ಹಾಗೆ. ಕಪ್ ಕೊಡಲು ನಿಂತಿದ್ದವರು ಪಾಕಿಸ್ತಾನದ ಕ್ರಿಕೆಟ್ ಮಂಡಳಿಯ ಮುಖ್ಯಸ್ಥರು, ಅವರೇ ಆ ದೇಶದ ಗೃಹ ಸಚಿವರು. ನಮ್ಮ ಗೃಹ ಸಚಿವರ ಮಗ ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಳಿ ಐಸಿಸಿಯ ಅಧ್ಯಕ್ಷರು. ಪಾಪ, ಆಟಗಾರರು ಯಾರಿಗೆ ಕೈ ಕೊಡಬೇಕಿತ್ತು!

ಆ ಫೈನಲ್ಲನ್ನು ನಾನು ನೇರ ನೋಡಲಿಲ್ಲ, ಮರುದಿನ ಫೋನಿನಲ್ಲಿ ತುಣುಕುಗಳನ್ನಷ್ಟೇ ನೋಡಿದ್ದು. ಕಾರಣ ಹೇಳಬೇಕಾದರೆ ಮಗಳ ವಿಷಯಕ್ಕೆ ಬರಬೇಕು, ಮಗಳ ವಿಷಯಕ್ಕೆ ಬಂದರೆ 2010ರ ಸಂಕ್ರಾಂತಿಗೆ ಹೋಗಬೇಕು.

ಆ ವರ್ಷ ರಣಜಿ ಫೈನಲ್ ನಮ್ಮ ಮೈಸೂರಿಗೇ ಬಂದಿತ್ತು, ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್ ಮೈದಾನಕ್ಕೆ. ಎದುರಾಳಿ ಮತ್ತೆ ಮುಂಬೈ. ಮೊದಲ ಇನಿಂಗ್ಸಿನಲ್ಲಿ ನಾವು 130ಕ್ಕೆ ಮಡಚಿಕೊಂಡೆವು. ಗೆಲ್ಲಲು 338 ಬೇಕಾಯಿತು. ನಾಲ್ಕನೇ ದಿನ, ಜನವರಿ 14, ಹಬ್ಬ. ಹೆಂಡತಿ ಎಂಟು ವರ್ಷದ ಮಗಳಿಗೆ ಹಸಿರು ರೇಷ್ಮೆ ಲಂಗ ಉಡಿಸಿ, ತಟ್ಟೆಯಲ್ಲಿ ಎಳ್ಳಿನ ಪೊಟ್ಟಣ, ಸಕ್ಕರೆ ಅಚ್ಚು, ಕಬ್ಬಿನ ತುಂಡು ಜೋಡಿಸಿ, ಸರಸ್ವತಿಪುರದ ನಾಲ್ಕು ಮನೆಗೆ ಎಳ್ಳು ಬೀರಿಕೊಂಡು ಬನ್ನಿ ಎಂದು ಸ್ಕೂಟರ್ ಹತ್ತಿಸಿದಳು. ಸರಸ್ವತಿಪುರದ ಬಗಲಲ್ಲೇ ಗಂಗೋತ್ರಿ. "ಹತ್ತೇ ನಿಮಿಷ ಕಣಮ್ಮ" ಎಂದು ಮಗಳಿಗೆ ಹೇಳಿ ಗಾಡಿ ತಿರುಗಿಸಿದೆ.

ಮೈದಾನದ ಸುತ್ತ ಜಾತ್ರೆ. ಮರದ ಮೇಲೂ ಜನ. ಮನೀಶ್ ಪಾಂಡೆ ಮತ್ತು ಗಣೇಶ್ ಸತೀಶ್ ಆಡುತ್ತಿದ್ದರು, ಮೂರು ವಿಕೆಟ್ಟಿಗೆ 250 ದಾಟಿತ್ತು. ಹಗ್ಗದ ಹತ್ತಿರ ಜಾಗ ಬಿಡಿಸಿಕೊಂಡು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡೆ. ತಟ್ಟೆ ಅವಳ ಕೈಯಲ್ಲಿ, ಅಂದರೆ ನನ್ನ ತಲೆಯ ಮೇಲೆ. ಹತ್ತು ನಿಮಿಷ ಹೋಗಿ ಒಂದು ಗಂಟೆಯಾಯಿತು. ಸತೀಶ್ ಹೋದರು. 144 ಹೊಡೆದು ಪಾಂಡೆಯೂ ಹೋದರು. ಮುಂಬೈ ಬೌಲರ್ ಅಗರ್ಕರ್ ಒಬ್ಬೊಬ್ಬರನ್ನೇ ಎತ್ತಿ ಇಡತೊಡಗಿದರು, ಒಟ್ಟು ಐದು. ಒಂದೊಂದು ವಿಕೆಟ್ ಬಿದ್ದಾಗಲೂ ಆ ಗುಂಪಿನಿಂದ ಒಂದು ನಿಟ್ಟುಸಿರು ಏಳುತ್ತಿತ್ತು, ಕುಕ್ಕರಿನ ಸೀಟಿ ಇಳಿದ ಹಾಗೆ. ಟೆನ್ಷನ್ನಿಗೆ ಪಕ್ಕದ ಹಿರಿಯರೊಬ್ಬರು ಉಗುರು ಕಚ್ಚುತ್ತಿದ್ದರು. ಮಗಳು ಬಗ್ಗಿ "ತಾತ, ಎಳ್ಳು ತಗೊಳ್ಳಿ" ಎಂದು ಒಂದು ಪೊಟ್ಟಣ ಕೊಟ್ಟಳು. ಅವರು ಒಡೆದು ಹಂಚಿದರು. ಆಮೇಲೆ ಕೈಗಳು ಚಾಚುತ್ತಲೇ ಹೋದವು. ಮುಂಬೈ ಕಡೆಗೆ ಕೂಗುತ್ತಿದ್ದ ಒಬ್ಬ ಕಾಲೇಜು ಹುಡುಗನೂ ಕೈ ಚಾಚಿದ. ಬಾಯಿಗೆ ಹಾಕಿಕೊಂಡು "ತಿಳ್‌ಗೂಳ್ ಘ್ಯಾ, ಗೋಡ್ ಗೋಡ್ ಬೋಲಾ" ಅಂದ. ನಾವು ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಎನ್ನುವುದನ್ನೇ ಮರಾಠಿಯಲ್ಲಿ. ಇದರಿಂದ ಬೆಳಗಾವಿ ಗಡಿ ವಿವಾದವೇನೂ ಇತ್ಯರ್ಥವಾಗಲಿಲ್ಲ ಬಿಡಿ. ಆದರೆ ಸಕ್ಕರೆ ಅಚ್ಚಿನ ಆನೆಯನ್ನೂ ಅವನೇ ತಿಂದ.

331ಕ್ಕೆ ಆಲೌಟ್. ಆರು ರನ್ನಿನ ಸೋಲು. ಮಗಳು ನನ್ನ ತಲೆಗೂದಲು ಹಿಡಿದುಕೊಂಡು ಅಳುತ್ತಿದ್ದಳು. ಸುತ್ತಲಿನವರು ಕೊನೆಗೆ ಎದ್ದು ನಿಂತು ಎರಡೂ ತಂಡಕ್ಕೆ ಚಪ್ಪಾಳೆ ಹೊಡೆದರು. ತಟ್ಟೆಯಲ್ಲಿ ಉಳಿದಿದ್ದು ಕಬ್ಬು ಒಂದೇ. ಆ ನಾಲ್ಕು ಮನೆಗಳಲ್ಲಿ ಎರಡು ಮನೆಯವರು ಮುಂದಿನ ಯುಗಾದಿಯವರೆಗೂ ನಮ್ಮ ಜೊತೆ ಸರಿಯಾಗಿ ಮಾತಾಡಲಿಲ್ಲ.

ನಮ್ಮ ಮನೆಯಲ್ಲಿ ಇಸವಿ ಲೆಕ್ಕ ಹಾಕುವುದೇ ಹೀಗೆ. ಅಪ್ಪ ಹೆಸರು ಒಪ್ಪಿಕೊಂಡದ್ದು, ನನ್ನ ಪ್ರಮೋಷನ್ ತಪ್ಪಿದ್ದು, ಎಳ್ಳು ಬೀರದೆ ಬಂದದ್ದು, ಎಲ್ಲಕ್ಕೂ ಒಂದೊಂದು ಸ್ಕೋರ್‌ಕಾರ್ಡ್ ಅಂಟಿಕೊಂಡಿದೆ. ಕ್ರಿಕೆಟ್ ಬಿಟ್ಟುಬಿಡಿ ಎಂದರೆ ಯಾವ ಕಂತೆಯಿಂದ ಯಾವುದನ್ನು ಹರಿದು ತೆಗೆಯಲಿ?

ಬಿಡಲು ನೋಡಿಲ್ಲ ಅಂತಲ್ಲ. ಮಗಳಿಗೆ ಈಗ ಬೆಂಗಳೂರಿನಲ್ಲಿ ಕೆಲಸ. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಕೊನೆಗೂ ಕಪ್ ಗೆದ್ದಾಗ ಫೋನಿನಲ್ಲಿ ಕಿರುಚಿ ನನ್ನ ಕಿವಿ ಕಿವುಡು ಮಾಡಿದಳು. ಹದಿನೆಂಟು ವರ್ಷದ ಬಾಕಿ ಅದು. ಮರುದಿನ ಸಂಜೆ ಐದಕ್ಕೆ ಟಿವಿಯಲ್ಲಿ ಚಿನ್ನಸ್ವಾಮಿ ಗೇಟಿನ ಮುಂದೆ ನೂಕುನುಗ್ಗಲು ಎಂದು ಬಂತು. ಫೋನ್ ಮಾಡಿದೆ. 'ನೀವು ಕರೆ ಮಾಡುತ್ತಿರುವ ಚಂದಾದಾರರು...' ಮತ್ತೆ ಮಾಡಿದೆ. ಆಫೀಸಿನಿಂದ ಬೇಗ ಹೊರಟಿದ್ದಾಳೆ ಎಂದು ಅವಳ ಗೆಳತಿ ಹೇಳಿದಳು. ಟಿವಿಯಲ್ಲಿ ಸತ್ತವರ ಲೆಕ್ಕ ಏರುತ್ತಿತ್ತು. ಹೆಂಡತಿ ದೇವರ ಮನೆಗೆ ಹೋಗಿ ಕೂತವಳು ಏಳಲಿಲ್ಲ. ಏಳೂಕಾಲಿಗೆ ಫೋನ್ ಬಂತು. ಕಬ್ಬನ್ ಪಾರ್ಕ್ ಮೆಟ್ರೊ ಹತ್ತಿರ ಜನ ನೋಡಿ ಹೆದರಿ ವಾಪಸ್ ತಿರುಗಿದ್ದಳಂತೆ, ನೆಟ್‌ವರ್ಕ್ ಇರಲಿಲ್ಲವಂತೆ. ಹನ್ನೊಂದು ಮನೆಗಳಿಗೆ ಆ ಫೋನ್ ಬರಲಿಲ್ಲ.

ಮಾರನೇ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಗೆಳೆಯರೆಲ್ಲ ತಮ್ಮ ತಮ್ಮ ಪಕ್ಷದ ಪ್ರಕಾರ ತೀರ್ಪು ತಯಾರು ಮಾಡಿಕೊಂಡು ಬಂದಿದ್ದರು. ಸರ್ಕಾರದ ತಪ್ಪು, ಪೊಲೀಸರ ತಪ್ಪು, ತಂಡದವರ ತಪ್ಪು, ಜನಕ್ಕೇ ಬುದ್ಧಿ ಇಲ್ಲ. ಸತ್ತ ಹುಡುಗರ ಹೆಸರು ಇನ್ನೂ ಪೇಪರಿನಲ್ಲಿ ಪೂರ್ತಿ ಬಂದಿರಲಿಲ್ಲ. ನಾನು ಅರ್ಧ ಸುತ್ತಿಗೇ ಮನೆಗೆ ಬಂದೆ. ಐದು ತಿಂಗಳು ಹತ್ತಿರ ಹತ್ತಿರ ಟಿವಿಯಲ್ಲಿ ಕ್ರಿಕೆಟ್ ಹಾಕಲಿಲ್ಲ, ಮಗಳೂ ಆ ಸುದ್ದಿ ಎತ್ತಲಿಲ್ಲ. ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರಿನಿಂದ ನವಿ ಮುಂಬೈಗೆ ಹೋದವು ಎಂದು ಓದಿದಾಗಲೂ ಹೋಗಲಿ ಎಂದುಕೊಂಡೆ.

ಅಕ್ಟೋಬರ್ 30ರ ರಾತ್ರಿ ಊಟ ಮುಗಿಸಿ ತಟ್ಟೆ ಎತ್ತುತ್ತಿದ್ದೆ. ಮಗಳ ಫೋನ್.

"ಅಪ್ಪ, ಆಸ್ಟ್ರೇಲಿಯಾ ಎಷ್ಟಕ್ಕೆ ಆಲೌಟ್ ಗೊತ್ತಾ?"

"ನಾನು ನೋಡ್ತಿಲ್ಲ ಪುಟ್ಟಿ."

"338."

ಮಹಿಳೆಯರ ಸೆಮಿಫೈನಲ್. ತಟ್ಟೆ ಅಲ್ಲೇ ಇಟ್ಟು ಟಿವಿ ಹಾಕಿದೆ. ಜೆಮಿಮಾ ರಾಡ್ರಿಗಸ್ ಆಡುತ್ತಿದ್ದಳು, ಜರ್ಸಿ ಪೂರ್ತಿ ಮಣ್ಣು. ಇದೇ ಟೂರ್ನಿಯಲ್ಲಿ ಒಂದು ಪಂದ್ಯಕ್ಕೆ ಇವಳನ್ನು ತಂಡದಿಂದ ಕೈಬಿಟ್ಟಿದ್ದರು, ಈಗ ಮೂರನೇ ನಂಬರಿಗೆ ಕಳಿಸಿದ್ದಾರೆ ಎಂದು ಮಗಳು ವರದಿ ಒಪ್ಪಿಸಿದಳು. 82ರಲ್ಲಿ ಅವಳ ಕ್ಯಾಚ್ ಮೇಲಕ್ಕೆ ಹೋಯಿತು. ಅಡುಗೆಮನೆಯಿಂದ ಬಂದು ನಿಂತಿದ್ದ ಹೆಂಡತಿ "ಅಯ್ಯೋ" ಅಂದಳು. ಆಸ್ಟ್ರೇಲಿಯಾದ ಕೀಪರ್ ಹೀಲಿ ಕೈಯಿಂದ ಚೆಂಡು ಜಾರಿತು. "ಕೂತ್ಕೋಬೇಡ, ಅಲ್ಲೇ ನಿಂತಿರು" ಎಂದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಿಗೆ ಆತುಕೊಂಡು ಹಾಗೇ ನಿಂತಳು. ನೂರು ಆದಾಗ ಆ ಹುಡುಗಿ ಬ್ಯಾಟ್ ಕೂಡ ಎತ್ತಲಿಲ್ಲ.

ಫೋನ್ ಸ್ಪೀಕರಿನಲ್ಲಿ ಇತ್ತು. ಮಗಳ ಟಿವಿ ನಮ್ಮದಕ್ಕಿಂತ ಎರಡು ಸೆಕೆಂಡು ಮುಂದೆ. 331 ಬಂದಾಗ ಇಬ್ಬರೂ ಮಾತಾಡಲಿಲ್ಲ. ಅದು ದಾಟಿದ ಮೇಲೆ ಅವಳ ಉಸಿರು ಕೇಳಿಸಿತು. ಕೊನೆಗೆ ನಮ್ಮ ಪರದೆಯ ಮೇಲೆ ಬೌಲರ್ ಇನ್ನೂ ಓಡಿಬರುತ್ತಿದ್ದಳು, ಫೋನಿನಿಂದ ಆಗಲೇ ಚೀರಾಟ ಬಂತು.

"ಇನ್ನಾದ್ರೂ ಕೂತ್ಕೊಳ್ಲಾ ರೀ?" ಎಂದಳು ಹೆಂಡತಿ.