ಹುಳುಕನ್ನು ಒಳಗೇ ಬಿಟ್ಟ ಡಾಕ್ಟ್ರಮ್ಮ

ಬದನೆಕಾಯಿಯಲ್ಲಿ ಹುಳ ಕಂಡರೆ ಅಮ್ಮ ಆ ಭಾಗ ತೆಗೆದು, ಅದರ ಸುತ್ತ ಇನ್ನೂ ಒಂದು ಬೆರಳಗಲ ಕತ್ತರಿಸಿ ಎಸೆದು, ಉಳಿದದ್ದನ್ನು ಹುಳಿಗೆ ಹಾಕುತ್ತಿದ್ದರು. ಹಲ್ಲಿಗೂ ಅದೇ ಲೆಕ್ಕ ಅಂತ ನಾನು ತಿಳಿದುಕೊಂಡಿದ್ದೆ. ನಾನೊಬ್ಬಳೇ ಏನಲ್ಲ. ಅಮೆರಿಕದ ಜಿ.ವಿ. ಬ್ಲ್ಯಾಕ್ ಅನ್ನುವ ಹೆಸರಾಂತ ದಂತವೈದ್ಯರು ನೂರು ವರ್ಷಕ್ಕೂ ಹಿಂದೆ ಇದನ್ನೇ ಹೇಳಿದ್ದರಂತೆ: ಹುಳುಕಿನ ಜೊತೆಗೆ ಪಕ್ಕದ ಒಳ್ಳೆ ಹಲ್ಲನ್ನೂ ಒಂದಷ್ಟು ಕೊರೆದುಬಿಡಿ, ಮುಂದೆ ಅಲ್ಲಿ ಹುಳುಕಾಗದಿರಲಿ ಅಂತ. ಥೇಟ್ ನಮ್ಮಮ್ಮನ ಬದನೆಕಾಯಿ ಶಾಸ್ತ್ರ!

ನನ್ನದು ಬಲಗಡೆ ಕೆಳದವಡೆಯ ಹಲ್ಲು. ತಣ್ಣೀರು ತಾಗಿದರೆ ಜುಮ್ ಅನ್ನುತ್ತಿತ್ತು. ಅವರೆಕಾಳಿನ ಸಿಪ್ಪೆ ಸಿಕ್ಕಿಕೊಂಡರೆ ಊಟ ಬಿಟ್ಟು ಎದ್ದು ಪಿನ್ನು ಹುಡುಕಬೇಕು. ಮೊದಲು ತೋರಿಸಿದ ಕಡೆ ಎಕ್ಸ್‌ರೇ ನೋಡಿ, "ತುಂಬಾ ಆಳಕ್ಕೆ ಹೋಗಿದೆ. ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕೋಣ, 9 ಸಾವಿರ ಆಗುತ್ತೆ" ಅಂದರು. ರೂಟ್ ಕೆನಾಲ್ ಅಂದರೆ ಹಲ್ಲಿನೊಳಗಿನ ನರವನ್ನೇ ತೆಗೆದು ತುಂಬುವುದು. ದುಡ್ಡಿಗಿಂತ ಜಾಸ್ತಿ ಹೆದರಿಸಿದ್ದು ಆ ಹೆಸರು. ತಂಗಿ ಹೇಳಿದ ಇನ್ನೊಬ್ಬ ಡಾಕ್ಟ್ರಮ್ಮನ ಹತ್ತಿರ ಹೋದೆ.

ಅವರು ಎಕ್ಸ್‌ರೇ ನೋಡುವ ಮೊದಲೇ ಕೇಳಿದ್ದು, "ರಾತ್ರಿ ನೋವಿಗೆ ಎಚ್ಚರ ಆಗುತ್ತಾ ಮೇಡಂ?"

ಇಲ್ಲ ಅಂದೆ. ಹತ್ತಿಯ ಉಂಡೆಗೆ ಏನೋ ತಣ್ಣನೆಯ ಸ್ಪ್ರೇ ಹೊಡೆದು ಹಲ್ಲಿಗೆ ಒತ್ತಿದರು. ಚುಳ್ ಅಂತು. ತೆಗೆದು ಎರಡು ಮೂರು ಸೆಕೆಂಡಿಗೆ ಹೋಯಿತು. "ನೋವು ತಾನಾಗೇ ಬಂದು ಗಂಟೆಗಟ್ಟಲೆ ಇರೋ ಹಾಗಿದ್ದರೆ ಬೇರೆ ಮಾತು. ನಿಮ್ಮ ನರ ಇನ್ನೂ ಚೆನ್ನಾಗಿದೆ, ಉಳಿಸಿಕೊಳ್ಳೋಣ" ಅಂದರು.

ಇಂಜೆಕ್ಷನ್ ತಪ್ಪಲಿಲ್ಲ ಬಿಡಿ. ಎಂಜಲು ತಾಗದ ಹಾಗೆ ಹಲ್ಲಿನ ಸುತ್ತ ರಬ್ಬರ್ ಹಾಳೆ ಬಿಗಿದರು. ಅಂಚನ್ನೆಲ್ಲ ಗಟ್ಟಿ ಹಲ್ಲು ಸಿಗುವ ತನಕ ಡ್ರಿಲ್ಲಿನಲ್ಲಿ ಕೊರೆದರು. ಆಮೇಲೆ ಡ್ರಿಲ್ ಪಕ್ಕಕ್ಕಿಟ್ಟು, ಸಾಸಿವೆ ಕಾಳಿನಷ್ಟು ಬಾಯಿಯ ಒಂದು ಚಮಚದಿಂದ ತಳವನ್ನು ಮೆಲ್ಲಗೆ ಕೆರೆಯತೊಡಗಿದರು. ಎರಡು ಸಲ ಕೆರೆದು ನಿಲ್ಲಿಸಿ, ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸಿದರು. ತಳದಲ್ಲಿ ಕಂದು ಬಣ್ಣ, ನೆನೆದ ಚರ್ಮದ ಹಾಗೆ. ಇನ್ನೂ ಇದೆಯಲ್ಲ! ಬಾಯಿಗೆ ರಬ್ಬರ್ ಹಾಕಿಸಿಕೊಂಡವಳು ಏನು ಜಗಳ ಆಡಲಿ? "ಊಂ, ಊಂ" ಅಂತ ಬೆರಳು ತೋರಿಸಿದೆ.

"ಅದನ್ನ ಬೇಕೂಂತಲೇ ಬಿಟ್ಟಿದ್ದೀನಿ. ಅದರ ಕೆಳಗೇ ನರ ಇದೆ. ಕೆರೆದರೆ ತೆರೆದುಕೊಳ್ಳುತ್ತೆ."

ಸುತ್ತಲಿನ ಗಟ್ಟಿ ಅಂಚಿಗೆ ಫಿಲ್ಲಿಂಗ್ ಸರಿಯಾಗಿ ಕಚ್ಚಿಕೊಂಡರೆ ಒಳಗಿನ ಕ್ರಿಮಿಗಳಿಗೆ ನಾವು ತಿನ್ನುವ ಸಕ್ಕರೆ ಸಿಗುವುದಿಲ್ಲ. ಉಪವಾಸ ಬಿದ್ದು ಸೊರಗುತ್ತವೆ. ಅಷ್ಟರಲ್ಲಿ ಹಲ್ಲು ನರದ ಕಡೆಯಿಂದ ತಾನೇ ಹೊಸ ಪದರ ಕಟ್ಟಿಕೊಳ್ಳುತ್ತೆ. ಮುಂಚೆ ಕೆಲವು ತಿಂಗಳು ಬಿಟ್ಟು ಮತ್ತೆ ತೆರೆದು ಉಳಿದದ್ದನ್ನು ಕೆರೆಯುತ್ತಿದ್ದರಂತೆ. ಹಾಗೆ ತೆರೆದಾಗಲೂ ನರಕ್ಕೆ ಅಪಾಯವೇ, ಅದಕ್ಕೆ ಈಗ ಒಂದೇ ಸಲಕ್ಕೆ ಮುಚ್ಚಿಬಿಡುವುದೇ ಜಾಸ್ತಿ. ಹಲವು ದೇಶಗಳ ತಜ್ಞರು ಸೇರಿ 2016ರಲ್ಲಿ ಕೊಟ್ಟ ಸಲಹೆಯಲ್ಲೂ ನರದ ಹತ್ತಿರದ ಮೆತ್ತನೆಯ ಹುಳುಕನ್ನು ಬಿಡಿ ಅಂತಲೇ ಇದೆ. ನನ್ನ ಹಲ್ಲಿಗೆ ಕೆಳಗೆ ಗ್ಲಾಸ್ ಅಯಾನೊಮರ್ ಸಿಮೆಂಟ್, ಮೇಲೆ ಹಲ್ಲಿನ ಬಣ್ಣದ ಫಿಲ್ಲಿಂಗ್. ಮುಕ್ಕಾಲು ಗಂಟೆಯಲ್ಲಿ ಮುಗಿಯಿತು.

"ನೂರಕ್ಕೆ ನೂರು ಗ್ಯಾರಂಟಿ ಕೊಡಲ್ಲ, ಮುಂದೆ ರೂಟ್ ಕೆನಾಲ್ ಬೇಕಾದರೂ ಆಗಬಹುದು" ಅಂತಲೂ ಹೇಳಿ ಕಳಿಸಿದರು. ಹಾಗೆ ಹೇಳಿದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು.

ಆರು ತಿಂಗಳಿಗೆ ಎಕ್ಸ್‌ರೇ ತೆಗೆಸಿದೆ, ಬೇರಿನ ಹತ್ತಿರ ಏನೂ ಇಲ್ಲ. ಹತ್ತಿ ಉಂಡೆ ಒತ್ತಿದರೆ ಚುಳ್ ಅನ್ನುತ್ತೆ, ಅಂದರೆ ನರ ಬದುಕಿದೆ. ಮೊನ್ನೆ ಅಮ್ಮ ಕರಿದ ಚಕ್ಕುಲಿಯನ್ನು ಆ ಕಡೆಯಿಂದಲೇ ಕಡಿದೆ. "ಪೂರ್ತಿ ತೆಗೆಸಿದೆ ತಾನೆ?" ಅಂದರು. ಬಾಯಿತುಂಬ ಚಕ್ಕುಲಿ, ಸುಮ್ನೆ ತಲೆಯಾಡಿಸಿದೆ.